ಹಳೆಯ ಬೆಳ್ಳಿ ನಾಣ್ಯ ಕೊಳ್ಳುವ ಮುನ್ನ: ಲೋಹ, ಮೈ, ಸವೆತ, ಬೆಲೆ

ನಾನು ದುಡ್ಡು ಕೊಟ್ಟು ತೆಗೆದುಕೊಂಡ ಮೊದಲ ಹಳೆಯ ಬೆಳ್ಳಿ ನಾಣ್ಯ 1881ರ ಅಮೆರಿಕದ ಮಾರ್ಗನ್ ಡಾಲರ್. ಫಳಫಳ ಹೊಳೆಯುತ್ತಿತ್ತು. ಮಾರಿದವರು ‘ಹೊಸದರ ಹಾಗೇ ಇದೆ ನೋಡಿ’ ಎಂದರು. ನಾನು ನಂಬಿದೆ. ಒಂದು ವರ್ಷ ಕಳೆದ ಮೇಲೆ ಅನುಭವಸ್ಥರೊಬ್ಬರು ಅದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತೋರಿಸಿದರು. ಮೈತುಂಬ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಯಾರೋ ಪಾಲಿಶ್ ಹಾಕಿ ಉಜ್ಜಿದ್ದರು. ಬೆಳ್ಳಿ ಅಸಲಿ, ನಾಣ್ಯವೂ ಅಸಲಿ. ಆದರೆ ಅದರ ಮೂಲ ಮೈ ಹೋಗಿಬಿಟ್ಟಿತ್ತು. ನಾನು ಕೊಟ್ಟಿದ್ದು ಚೆನ್ನಾಗಿ ಉಳಿದ ನಾಣ್ಯದ ಬೆಲೆ. ನನ್ನ ಕೈಗೆ ಬಂದದ್ದು ಬೆಳ್ಳಿಯ ತೂಕಕ್ಕಿಂತ ಸ್ವಲ್ಪವೇ ಹೆಚ್ಚು ಬಾಳುವ ನಾಣ್ಯ.

ಆ ದಿನದಿಂದ ನಾನು ನಾಣ್ಯ ನೋಡುವ ಕ್ರಮವೇ ಬದಲಾಯಿತು. ಮೊದಲು ಇದು ಯಾವ ನಾಣ್ಯ ಅಂತ ಗುರುತು ಹಿಡಿಯುತ್ತೇನೆ. ಆಮೇಲೆ ಲೋಹ, ಆಮೇಲೆ ಅಸಲಿಯೋ ನಕಲಿಯೋ, ಆಮೇಲೆ ಮೈ. ಸವೆತಕ್ಕೆ ಬರುವುದು ಇಷ್ಟಾದ ಮೇಲೆ. ಬೆಲೆ ಕಟ್ಟಕಡೆಗೆ. ಈ ಕ್ರಮ ತಪ್ಪಿಸಿ ಬೆಲೆಯಿಂದಲೇ ಶುರು ಮಾಡಿದರೆ ಅಗ್ಗ ಎನ್ನುವ ಆಸೆ ಉಳಿದದ್ದನ್ನೆಲ್ಲ ಮರೆಸಿಬಿಡುತ್ತದೆ.

ಮೊದಲ ಹೆಜ್ಜೆ: ಯಾವ ನಾಣ್ಯ, ಯಾವ ವರ್ಷ, ಯಾವ ಟಂಕಸಾಲೆ

ದೇಶ, ಮುಖಬೆಲೆ, ಇಸವಿ, ಟಂಕಸಾಲೆಯ ಗುರುತು. ಈ ನಾಲ್ಕನ್ನೂ ಬರೆದುಕೊಳ್ಳಿ. ಟಂಕಸಾಲೆಯ ಗುರುತು ಒಂದು ಪುಟ್ಟ ಅಕ್ಷರವೋ ಚುಕ್ಕೆಯೋ ಆಗಿರುತ್ತದೆ. ಮಾರ್ಗನ್ ಡಾಲರ್‌ನಲ್ಲಿ ಅದು ಹಿಂಬದಿಯಲ್ಲಿ, ಎಲೆಗಳ ಹಾರದ ಕೆಳಗೆ ಇರುತ್ತದೆ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ, ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ‘ಓ’ ಇದ್ದರೆ ನ್ಯೂ ಆರ್ಲಿಯನ್ಸ್, ‘ಸಿಸಿ’ ಇದ್ದರೆ ಕಾರ್ಸನ್ ಸಿಟಿ. ಆ ಒಂದು ಅಕ್ಷರದಿಂದ ಬೆಲೆ ಹತ್ತಾರು ಪಟ್ಟು ಏರಬಹುದು. ಹಾಗಾಗಿ ಅದನ್ನು ಬರಿಗಣ್ಣಲ್ಲಿ ನೋಡಿ ಬಿಡಬೇಡಿ.

ಇಸವಿಯನ್ನೂ ಸುಮ್ನೆ ನಂಬುವ ಹಾಗಿಲ್ಲ. ಆಸ್ಟ್ರಿಯಾವನ್ನು ಆಳಿದ ಮರಿಯಾ ತೆರೇಸಾ ಹೆಸರಿನ ಥಾಲರ್ ಎಂಬ ಬೆಳ್ಳಿ ನಾಣ್ಯದ ಮೇಲೆ 1780 ಎಂದಿರುತ್ತದೆ. ಆಕೆ ತೀರಿಕೊಂಡ ವರ್ಷ ಅದು. ಅರಬ್ ನಾಡುಗಳಲ್ಲೂ ಪೂರ್ವ ಆಫ್ರಿಕಾದಲ್ಲೂ ಜನ ಆ ನಾಣ್ಯವನ್ನೇ ಕೇಳುತ್ತಿದ್ದರು. ಹಾಗಾಗಿ ಅದೇ ಇಸವಿ ಇಟ್ಟು ವಿಯೆನ್ನಾ, ರೋಮ್, ಲಂಡನ್, ಬಾಂಬೆ ಹೀಗೆ ಹಲವು ಕಡೆ ಮತ್ತೆ ಮತ್ತೆ ಟಂಕಿಸಿದರು. ಇಂಥ ನಾಣ್ಯವನ್ನು ‘ಎರಡು ಶತಮಾನ ಹಳೆಯದು’ ಅಂತ ಹೆಚ್ಚು ಬೆಲೆಗೆ ಕೊಡುವವರಿದ್ದಾರೆ. ಬ್ರಿಟಿಷ್ ಇಂಡಿಯಾದ 1835, 1840, 1862ರ ರೂಪಾಯಿಗಳ ಕಥೆಯೂ ಇಂಥದ್ದೇ. 1862 ಎಂದಿರುವ ರೂಪಾಯಿಗಳನ್ನು ಸುಮಾರು 1874ರವರೆಗೂ ಅದೇ ಇಸವಿಯಲ್ಲಿ ಹೊರಡಿಸಿದರು. ಅವುಗಳನ್ನು ಬೇರೆ ಮಾಡಲು ಸಂಗ್ರಾಹಕರು ಚುಕ್ಕೆಗಳನ್ನೂ ಅಚ್ಚಿನ ಸಣ್ಣ ವ್ಯತ್ಯಾಸಗಳನ್ನೂ ನೋಡುತ್ತಾರೆ.

ಇಸವಿಯಿಂದ ಬೆಳ್ಳಿ ಎಷ್ಟು ಅನ್ನುವುದೂ ಗೊತ್ತಾಗುತ್ತದೆ. ಇದನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ. ಬ್ರಿಟನ್ನಿನ ಬೆಳ್ಳಿ ನಾಣ್ಯಗಳಲ್ಲಿ 1919ರವರೆಗೆ ನೂರಕ್ಕೆ 92.5 ಭಾಗ ಬೆಳ್ಳಿ ಇತ್ತು. 1920ರಿಂದ 1946ರವರೆಗೆ 50 ಭಾಗ. 1947ರಿಂದ ಚಲಾವಣೆಯ ನಾಣ್ಯಗಳಲ್ಲಿ ಬೆಳ್ಳಿಯೇ ಇಲ್ಲ. 1919ರ ಹಾಫ್ ಕ್ರೌನ್ ಮತ್ತು 1920ರ ಹಾಫ್ ಕ್ರೌನ್ ಅಕ್ಕಪಕ್ಕ ಇಟ್ಟರೆ ಎರಡರ ತೂಕವೂ 14.14 ಗ್ರಾಂ. ಚಿತ್ರವೂ ಒಂದೇ. ಆದರೆ ಮೊದಲನೆಯದರಲ್ಲಿ ಸುಮಾರು 13.08 ಗ್ರಾಂ ಬೆಳ್ಳಿ, ಎರಡನೆಯದರಲ್ಲಿ 7.07 ಗ್ರಾಂ. ಬ್ರಿಟಿಷ್ ಇಂಡಿಯಾದ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಮೊದಲು ಅದರಲ್ಲಿ 91.7 ಭಾಗ ಬೆಳ್ಳಿ ಇರುತ್ತಿತ್ತು. 1940ರಿಂದ 1945ರವರೆಗಿನವು ಅರ್ಧ ಬೆಳ್ಳಿಯವು. 1947ರ ಇಸವಿಯ ರೂಪಾಯಿ ನಿಕ್ಕಲ್. ಅಮೆರಿಕದ ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್), ಹಾಫ್ ಡಾಲರ್‌ಗಳು 1964ರವರೆಗೆ 90 ಭಾಗ. 1965ರಿಂದ 1970ರವರೆಗಿನ ಹಾಫ್ ಡಾಲರ್‌ಗಳಲ್ಲಿ 40 ಭಾಗ. ಕೆನಡಾ 1920ರಲ್ಲಿ 92.5ರಿಂದ 80ಕ್ಕೆ ಇಳಿಸಿತು.

ಎರಡನೇ ಹೆಜ್ಜೆ: ಲೋಹ ಪರೀಕ್ಷೆ

ಇದಕ್ಕೆ ಬೇಕಾದ ಸಾಮಾನು ಕಡಿಮೆ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಅಗಲ ಅಳೆಯುವ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಬಲವಾದ ಅಯಸ್ಕಾಂತ, ಒಂದೇ ಕಡೆಯಿಂದ ಬೆಳಕು ಬೀಳುವ ಮೇಜುದೀಪ. ಮೆತ್ತನೆಯ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ನಾಣ್ಯವನ್ನು ಯಾವಾಗಲೂ ಅಂಚಿನಿಂದ ಹಿಡಿಯಿರಿ. ಬೆರಳಿನ ಜಿಡ್ಡು ಬೆಳ್ಳಿಯ ಮೇಲೆ ಕೂತರೆ ಗುರುತು ಉಳಿದೇಬಿಡುತ್ತದೆ.

ತೂಕದಿಂದ ಶುರು ಮಾಡಿ. ಮಾರ್ಗನ್ ಡಾಲರ್ 26.73 ಗ್ರಾಂ ಇರಬೇಕು, ಅಗಲ 38.1 ಮಿಲಿಮೀಟರ್. ತೂಕ ಹೆಚ್ಚುಕಡಿಮೆಯಾಗಲು ಟಂಕಸಾಲೆಗೆ ಇದ್ದ ಅವಕಾಶ ಸುಮಾರು 0.1 ಗ್ರಾಂ ಮಾತ್ರ. ತುಂಬ ಸವೆದ ನಾಣ್ಯ ಇನ್ನಷ್ಟು ಹಗುರವಾಗಬಹುದು, ಅದು ಸಹಜ. ಆದರೆ ಹೊಸದರಂತೆ ಕಾಣುವ ನಾಣ್ಯ 25 ಗ್ರಾಂ ತೂಗಿದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚು ತೂಗಿದರೂ ಅಷ್ಟೇ, ಅನುಮಾನ ಪಡಿ. ಬಳಸಿದ ನಾಣ್ಯ ಭಾರವಾಗುವುದಕ್ಕೆ ಕಾರಣವೇ ಇಲ್ಲವಲ್ಲ.

ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಕಥೆ ಮುಗಿಯಿತು. ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಅಂತಲ್ಲ. ತಾಮ್ರ, ಹಿತ್ತಾಳೆ, ಸೀಸವೂ ಅಂಟುವುದಿಲ್ಲ. ನಾಣ್ಯವನ್ನು ಓರೆಯಾಗಿ ಹಿಡಿದು ಅದರ ಮೇಲೆ ಸಣ್ಣ ಬಲವಾದ ಅಯಸ್ಕಾಂತ ಜಾರಿಸುವ ಪರೀಕ್ಷೆ ಹೇಳುವವರಿದ್ದಾರೆ. ಬೆಳ್ಳಿಯ ಮೇಲೆ ಅದು ನಿಧಾನವಾಗಿ ಜಾರುತ್ತದೆ, ನಿಜ. ಆದರೆ ಒಳ್ಳೆಯ ನಾಣ್ಯದ ಮೈಮೇಲೆ ಏನನ್ನೂ ಜಾರಿಸುವುದು ನನಗೆ ಒಪ್ಪಿಗೆಯಿಲ್ಲ. ನಾಣ್ಯ ಬೀಳಿಸಿ ಸದ್ದು ಕೇಳುವುದೂ ಬೇಡ. ಬೇಕೆಂದರೆ ಬೆರಳ ತುದಿಯ ಮೇಲೆ ಇಟ್ಟು, ಅಂಚಿಗೆ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ. ಬೆಳ್ಳಿಯ ನಾದ ತೆಳ್ಳಗೆ, ಉದ್ದಕ್ಕೆ ಹರಿಯುತ್ತದೆ. ಸೀಸ ಬೆರೆತದ್ದು ದಬ್ ಎಂದು ನಿಲ್ಲುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ನೀರಿನದು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕೆಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ದಾರಕ್ಕೆ ಕಟ್ಟಿ ನೀರೊಳಗೆ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಅಂಕೆಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. ಮಾರ್ಗನ್ ಡಾಲರ್‌ಗೆ 26.73 ಭಾಗಿಸು 2.59, ಅಂದರೆ ಸುಮಾರು 10.3 ಬರಬೇಕು. ಶುದ್ಧ ಬೆಳ್ಳಿಗೆ 10.49. ತಾಮ್ರಕ್ಕೆ 8.96. ತಾಮ್ರ-ನಿಕ್ಕಲ್ ಮಿಶ್ರಣವೂ 8.9ರ ಸುಮಾರಿನದೇ. ಹಾಗಾಗಿ ಬೆಳ್ಳಿ ಮುಲಾಮು ಹಾಕಿದ ತಾಮ್ರದ ನಾಣ್ಯ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಮುಗಿದ ಮೇಲೆ ಬಟ್ಟೆಯಿಂದ ಉಜ್ಜಬೇಡಿ. ಮೆತ್ತನೆಯ ಕಾಗದದ ಮೇಲಿಟ್ಟು ನೀರು ಹೀರಲು ಬಿಡಿ.

ಮಾರುವವರ ಎದುರು ಲೋಟ-ದಾರ ಹಿಡಿದು ಕೂರಲು ಆಗಲ್ಲ, ಅಲ್ವಾ? ಅಲ್ಲಿ ತೂಕ ಮತ್ತು ಅಗಲ ನೋಡಿ. ನೀರಿನ ಪರೀಕ್ಷೆಗೆ ಮನೆಗೆ ತಂದ ಮೇಲೆ ವಾಪಸ್ ಕೊಡುವ ಅವಕಾಶ ಕೇಳಿಕೊಳ್ಳಿ.

ಮೂರನೇ ಹೆಜ್ಜೆ: ನಕಲಿಯ ಗುರುತು

ಬೆಳ್ಳಿಯಲ್ಲೇ ಮಾಡಿದ ನಕಲಿಗಳೂ ಇವೆ. ಅವಕ್ಕೆ ತೂಕ, ನೀರು ಎರಡರಲ್ಲೂ ಪಾಸು. ಆದ್ದರಿಂದ ಕಣ್ಣಿಗೂ ಕೆಲಸ ಕೊಡಬೇಕು.

ಅಸಲಿ ನಾಣ್ಯವನ್ನು ಅಚ್ಚಿನಿಂದ ಒತ್ತಿರುತ್ತಾರೆ. ಹಾಗಾಗಿ ಅಕ್ಷರದ ಬುಡ ಮೈಯಿಂದ ಚೂಪಾಗಿ ಏಳುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳು ಮೇಣದ ಹಾಗೆ ಮೆತ್ತಗೆ ಕಾಣುತ್ತವೆ. ಮೈಮೇಲೆ ಗಾಳಿಗುಳ್ಳೆಯ ಪುಟ್ಟ ತೂತುಗಳು ಇರುತ್ತವೆ. ಅಂಚಿನ ಸುತ್ತ ಎರಡು ಅರ್ಧ ಸೇರಿದ ಗೆರೆ, ಅಥವಾ ಅದನ್ನು ಅರದಿಂದ ತಿಕ್ಕಿದ ಗುರುತು ಸಿಗಬಹುದು. ಅಂಚು ನೋಡುವುದನ್ನು ಬಹಳ ಜನ ಮರೆಯುತ್ತಾರೆ. ನಕಲಿ ಮಾಡುವವರೂ ಅಲ್ಲಿ ಕಷ್ಟಪಡುತ್ತಾರೆ. ಅದಕ್ಕೇ ನಾನು ಮೊದಲು ಅಂಚು ತಿರುಗಿಸಿ ನೋಡುತ್ತೇನೆ.

ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಒತ್ತಿದ ನಕಲಿಗಳು ಇನ್ನೂ ಅಪಾಯ. ಮೂಲ ನಾಣ್ಯದಲ್ಲಿದ್ದ ಏಟು, ಗೀರುಗಳೂ ಎಲ್ಲ ನಕಲುಗಳಿಗೆ ಹೋಗುತ್ತವೆ. ಒಬ್ಬರ ಬಳಿಯೇ ಒಂದೇ ಇಸವಿಯ ಎರಡು ನಾಣ್ಯಗಳಿದ್ದು, ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗುಳಿ ಕಂಡರೆ ಅವನ್ನು ಮುಟ್ಟಬೇಡಿ.

ಇನ್ನೊಂದು ಬಗೆಯಲ್ಲಿ ನಾಣ್ಯ ಅಸಲಿ, ಅಕ್ಷರ ಸುಳ್ಳು. 1893ರ ‘ಎಸ್’ ಮಾರ್ಗನ್ ಡಾಲರ್‌ಗಳನ್ನು ಟಂಕಿಸಿದ್ದು 1,00,000 ಮಾತ್ರ. ಆ ಸಾಲಿನಲ್ಲಿ ಎಲ್ಲರೂ ಹುಡುಕುವ ನಾಣ್ಯ ಅದು. ಹಾಗಾಗಿ ಅದೇ ವರ್ಷದ ಫಿಲಡೆಲ್ಫಿಯಾ ನಾಣ್ಯಕ್ಕೆ ಒಂದು ‘ಎಸ್’ ಅಂಟಿಸಿ ಮಾರುತ್ತಾರೆ. ಅಸಲಿ ನಾಣ್ಯಗಳ ಮುಂಬದಿ ಒಂದೇ ಅಚ್ಚಿನದು. ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ಮೇಲ್ಭಾಗದಲ್ಲಿ ಒಂದು ಸಣ್ಣ ಉಬ್ಬು ಗೆರೆ ಇರುತ್ತದೆ. ಅದನ್ನು ಹುಡುಕಬೇಕು. ಅಕ್ಷರದ ಸುತ್ತ ಬೆಸುಗೆಯ ಬಣ್ಣವೋ ಸಣ್ಣ ಬಿರುಕೋ ಇದೆಯಾ ನೋಡಬೇಕು. ಇಷ್ಟು ದುಬಾರಿ ನಾಣ್ಯವನ್ನು ಪರಿಣತರ ಪರೀಕ್ಷೆಯಿಲ್ಲದೆ ಯಾರೂ ಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕನೇ ಹೆಜ್ಜೆ: ಮೈ ನೋಡುವುದು

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ನಕಲಿಯಿಂದ ಮೋಸ ಹೋಗುವುದಕ್ಕಿಂತ, ಉಜ್ಜಿದ ನಾಣ್ಯಕ್ಕೆ ಜಾಸ್ತಿ ಕೊಟ್ಟು ಮೋಸ ಹೋಗುವವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಹೊಸ ನಾಣ್ಯದ ಹೊಳಪು ಹೇಗೆ ಹುಟ್ಟುತ್ತದೆ ಅಂತ ಮೊದಲು ತಿಳಿಯೋಣ. ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಡುತ್ತದೆ. ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓಲಾಡಿಸಿದರೆ ಆ ಗೆರೆಗಳಿಂದ ಬೆಳಕು ಬಂಡಿಚಕ್ರದ ಅರಗಳ ಹಾಗೆ ಸುತ್ತುತ್ತದೆ. ಸಂಗ್ರಾಹಕರು ಲಸ್ಟರ್ ಅನ್ನುವುದು ಇದನ್ನೇ. ಒಮ್ಮೆ ಉಜ್ಜಿದರೆ ಆ ಗೆರೆಗಳು ಅಳಿದುಹೋಗುತ್ತವೆ. ಮತ್ತೆ ತರಲು ಯಾರಿಂದಲೂ ಆಗದು. ಉಜ್ಜಿದ ನಾಣ್ಯವೂ ಹೊಳೆಯುತ್ತದೆ. ಆದರೆ ಬೆಳಕು ಸುತ್ತುವುದಿಲ್ಲ, ಇಡೀ ಮೈ ಒಂದೇ ಸಲ ಸ್ಟೀಲ್ ಚಮಚದ ಹಾಗೆ ಮಿನುಗುತ್ತದೆ.

ಉಜ್ಜಿದ್ದನ್ನು ಹಿಡಿಯಲು ನಾಣ್ಯವನ್ನು ಓರೆ ಬೆಳಕಿನಲ್ಲಿ ಸುತ್ತಲೂ ತಿರುಗಿಸಿ. ಒಂದೇ ದಿಕ್ಕಿನ ಸಣ್ಣ ಗೀರುಗಳು ಒಂದು ಕೋನದಲ್ಲಿ ಥಟ್ಟನೆ ಎದ್ದು ಕಾಣುತ್ತವೆ. ಆಮೇಲೆ ಅಕ್ಷರಗಳ ಸಂದಿ ನೋಡಿ. ಮೈ ಬೆಳ್ಳಗಿದ್ದು ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೆ ಉಜ್ಜಿದ್ದಾರೆ ಅಂತ ಅರ್ಥ. ಬಟ್ಟೆ ಆ ಮೂಲೆಗೆ ಹೋಗಿಲ್ಲ, ಅಷ್ಟೇ. ತುಂಬ ಸವೆದ ನಾಣ್ಯ ಹೊಚ್ಚ ಹೊಸದರಂತೆ ಬೆಳ್ಳಗಿದ್ದರೂ ಅನುಮಾನ ಪಡಿ. ದಶಕಗಟ್ಟಲೆ ಕೈಯಿಂದ ಕೈಗೆ ಓಡಾಡಿದ ಬೆಳ್ಳಿ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಕೆಲವರು ಉಜ್ಜುವುದಿಲ್ಲ, ರಾಸಾಯನಿಕದಲ್ಲಿ ಅದ್ದಿ ತೆಗೆಯುತ್ತಾರೆ. ಗೀರು ಬೀಳುವುದಿಲ್ಲ. ಆದರೆ ಅದ್ದಿದಷ್ಟೂ ಸಲ ಮೈಯ ತೆಳು ಪದರ ಕರಗುತ್ತದೆ. ಕೊನೆಗೆ ನಾಣ್ಯ ಜೀವವಿಲ್ಲದ ಬಿಳುಪಾಗಿ, ಸುಣ್ಣ ಬಳಿದ ಹಾಗೆ ಕಾಣುತ್ತದೆ.

ಕಪ್ಪು ಅಥವಾ ಬಣ್ಣಬಣ್ಣದ ಪದರಕ್ಕೆ ಹೆದರಬೇಡಿ. ಬೆಳ್ಳಿ ಗಂಧಕದ ಜೊತೆ ಸೇರಿದಾಗ ಹಾಗಾಗುತ್ತದೆ. ಗಾಳಿಯಲ್ಲಿ, ಹಳೆಯ ಕಾಗದದಲ್ಲಿ, ರಟ್ಟಿನಲ್ಲಿ ಗಂಧಕ ಇರುತ್ತದೆ. ನಿಧಾನವಾಗಿ ತಾನಾಗೇ ಕೂತ ಬಣ್ಣ ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ಮೆಲ್ಲಗೆ ಬದಲಾಗುತ್ತದೆ. ಅದರಡಿಯಲ್ಲಿ ಲಸ್ಟರ್ ಉಸಿರಾಡುತ್ತಿರುತ್ತದೆ. ಅಂಥ ನಾಣ್ಯ ಕೈಗೆ ಬಂದಾಗ ನನಗಂತೂ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಬಿಸಿ ಮಾಡಿಯೋ ರಾಸಾಯನಿಕ ಸವರಿಯೋ ತಂದ ಬಣ್ಣ ಬೇರೆ. ಅದು ಮೈಮೇಲೆ ತೇಲಿದ ಹಾಗಿರುತ್ತದೆ. ಗೀರಿನ ಒಳಗೂ ಬಣ್ಣ ಕೂತಿರುತ್ತದೆ, ಏಕೆಂದರೆ ಮೊದಲು ಉಜ್ಜಿ ಆಮೇಲೆ ಬಣ್ಣ ಹಚ್ಚಿರುತ್ತಾರೆ.

ಒಡವೆಯಾಗಿ ಬಳಸಿದ ನಾಣ್ಯಗಳೂ ಬರುತ್ತವೆ. ಕೊಂಡಿ ತೆಗೆದು, ತೂತು ಮುಚ್ಚಿ, ಮತ್ತೆ ನಾಣ್ಯವೆಂದು ಮಾರುತ್ತಾರೆ. ಗಡಿಯಾರದ ಹನ್ನೆರಡು ಗಂಟೆಯ ಜಾಗದ ಅಂಚನ್ನು ವಿಶೇಷವಾಗಿ ನೋಡಿ. ಬೆಸುಗೆಯ ಉಬ್ಬು, ಅಂಚಿನ ಗೆರೆಗಳು ಒಂದೆಡೆ ಅಳಿಸಿರುವುದು, ಬಣ್ಣದ ಕಲೆ. ಇವುಗಳಲ್ಲಿ ಒಂದು ಕಂಡರೂ ಬೆಲೆ ಬೆಳ್ಳಿಯ ಹತ್ತಿರಕ್ಕೆ ಇಳಿಯಬೇಕು.

ಹಸಿರು ಬಣ್ಣದ ಅಂಟು ಪದರ ಕಂಡರೆ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನ ಕೆಲಸ ಅದು. ಶುರುವಿನಲ್ಲಾದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿದರೆ ಹೋಗುತ್ತದೆ. ಉಜ್ಜಬಾರದು, ಬೆಂಕಿಯಿಂದ ದೂರ ಇರಬೇಕು, ಕಿಟಕಿ ತೆರೆದಿರಬೇಕು. ಮೈ ತಿಂದುಹಾಕಿದ್ದರೆ ಮಾತ್ರ ಏನೂ ಮಾಡಲಾಗದು.

ಚೀನಾದಲ್ಲಿ ಓಡಾಡಿದ ಮೆಕ್ಸಿಕೊದ ದೊಡ್ಡ ಬೆಳ್ಳಿ ನಾಣ್ಯಗಳ ಮೇಲೆ ಅಲ್ಲಿನ ವರ್ತಕರು ಒತ್ತಿದ ಸಣ್ಣ ಮುದ್ರೆಗಳಿರುತ್ತವೆ. ‘ಬೆಳ್ಳಿ ಸರಿಯಿದೆ’ ಅನ್ನುವ ಗುರುತು ಅದು. ಗ್ರೇಡ್, ಅಂದರೆ ನಾಣ್ಯದ ಸ್ಥಿತಿಗೆ ಕೊಡುವ ಅಂಕದ ಲೆಕ್ಕದಲ್ಲಿ ಅದು ಏಟು. ಆದರೆ ಅಂಥದ್ದನ್ನೇ ಹುಡುಕಿ ಸಂಗ್ರಹಿಸುವವರೂ ಇದ್ದಾರೆ.

ಐದನೇ ಹೆಜ್ಜೆ: ಸವೆತ ಅಳೆಯುವುದು

ಇಂದು ಬಹಳ ಕಡೆ ಬಳಸುವ 1ರಿಂದ 70ರ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದರು. ಆಮೇಲೆ ಬೇರೆ ನಾಣ್ಯಗಳಿಗೂ ಹಬ್ಬಿತು. ‘ಫೈನ್’ ಅಂದರೆ 12, ‘ವೆರಿ ಫೈನ್’ 20ರಿಂದ 35, ‘ಎಕ್ಸ್‌ಟ್ರಾ ಫೈನ್’ 40 ಮತ್ತು 45, ‘ಅಬೌಟ್ ಅನ್‌ಸರ್ಕ್ಯುಲೇಟೆಡ್’ 50ರಿಂದ 58. 60ರಿಂದ ಮೇಲೆ ಚಲಾವಣೆಗೇ ಹೋಗದವು. ಹೆಸರು ಕೇಳಿ ಮೋಸ ಹೋಗಬೇಡಿ. ‘ಫೈನ್’ ಅಂದರೆ ಚೆನ್ನಾಗಿದೆ ಅಂತಲ್ಲ, ಸಾಕಷ್ಟು ಸವೆದಿದೆ ಅಂತ.

ಸವೆತ ಮೊದಲು ಬೀಳುವುದು ಚಿತ್ರದ ಎತ್ತರದ ಜಾಗಗಳಿಗೆ. ತಲೆಯ ಚಿತ್ರವಿದ್ದರೆ ಕಿವಿಯ ಮೇಲಿನ ಕೂದಲು, ಹುಬ್ಬು, ಕೆನ್ನೆ. ಹಕ್ಕಿಯಿದ್ದರೆ ಎದೆಯ ಗರಿ. ಆ ಜಾಗಗಳಲ್ಲಿ ಲಸ್ಟರ್ ಕಳೆದು ಮಂಕು ಬೂದು ಬಣ್ಣ ಬಂದಿದ್ದರೆ ನಾಣ್ಯ ಕೈ ಬದಲಿಸಿದೆ. ಕೂದಲಿನ ಎಳೆಗಳು ಒಂದಕ್ಕೊಂದು ಸೇರಿಹೋಗಿದ್ದರೆ ‘ವೆರಿ ಫೈನ್’ ಸುತ್ತಮುತ್ತ. ಎಳೆಗಳೇ ಕಾಣದೆ ತಲೆಯ ಆಕಾರ ಮಾತ್ರ ಉಳಿದಿದ್ದರೆ ಅದಕ್ಕೂ ಕೆಳಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಚ್ಚು ಸರಿಯಾಗಿ ಒತ್ತದಿದ್ದರೂ ಆ ಎತ್ತರದ ಜಾಗಗಳು ಮೂಡಿರುವುದಿಲ್ಲ. ನ್ಯೂ ಆರ್ಲಿಯನ್ಸ್‌ನ ಹಲವು ಮಾರ್ಗನ್ ಡಾಲರ್‌ಗಳಲ್ಲಿ ಕಿವಿಯ ಮೇಲಿನ ಕೂದಲು ಹುಟ್ಟಿನಿಂದಲೇ ಚಪ್ಪಟೆ. ಅದು ಸವೆತವಲ್ಲ. ಹೇಗೆ ಬೇರೆ ಮಾಡುವುದು? ಚಪ್ಪಟೆ ಜಾಗದಲ್ಲೂ ಬೆಳಕು ಸುತ್ತುತ್ತಿದ್ದರೆ ಅಚ್ಚಿನ ದೋಷ. ಮಂಕಾಗಿದ್ದರೆ ಸವೆತ.

60 ಎಂದ ತಕ್ಷಣ 58ಕ್ಕಿಂತ ಚೆಂದ ಅಂತಲೂ ಅಲ್ಲ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ಬಡಿದು ಕೆನ್ನೆತುಂಬ ಏಟು ತಿಂದ 60ಕ್ಕಿಂತ, ಸ್ವಲ್ಪವೇ ಓಡಾಡಿದ ನಯವಾದ 58 ಎಷ್ಟೋ ಸಲ ನೋಡಲು ಹಿತ. ಅದು ಕಡಿಮೆಗೂ ಸಿಗುತ್ತದೆ. ಸಂಗ್ರಹ ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಆರನೇ ಹೆಜ್ಜೆ: ನ್ಯಾಯವಾದ ಬೆಲೆ

ಮೊದಲು ತಳದ ಬೆಲೆ ಕಂಡುಕೊಳ್ಳಿ. ತೂಕ ಗುಣಿಸು ಬೆಳ್ಳಿಯ ಭಾಗ ಗುಣಿಸು ಅಂದಿನ ಗ್ರಾಂ ದರ. ಮಾರ್ಗನ್ ಡಾಲರ್‌ನಲ್ಲಿ 26.73 ಗುಣಿಸು 0.900, ಅಂದರೆ 24.06 ಗ್ರಾಂ ಶುದ್ಧ ಬೆಳ್ಳಿ. ಗ್ರಾಂಗೆ 100 ಎಂದು ಇಟ್ಟುಕೊಂಡರೆ ತಳದ ಬೆಲೆ 2,406. ದರ ಔನ್ಸ್ ಲೆಕ್ಕದಲ್ಲಿ ಸಿಕ್ಕರೆ ಅದು ಟ್ರಾಯ್ ಔನ್ಸ್ ಅಂತ ನೆನಪಿರಲಿ. ಅಂದರೆ 31.1035 ಗ್ರಾಂ.

ಅದರ ಮೇಲೆ ಕೊಡುವ ಪ್ರತಿ ಪೈಸೆಗೂ ಕಾರಣ ಇರಬೇಕು. ಆ ಕಾರಣಗಳು ಮೂರೇ: ಉಳಿದಿರುವುದು ಕಡಿಮೆ, ಕೇಳುವವರು ಜಾಸ್ತಿ, ಸ್ಥಿತಿ ಚೆನ್ನಾಗಿದೆ. ‘ಹಳೆಯದು’ ಅನ್ನುವುದು ಕಾರಣವಲ್ಲ.

‘ಟಂಕಿಸಿದ್ದೇ ಕಡಿಮೆ’ ಅನ್ನುವ ಮಾತನ್ನೂ ಅಳೆದು ನೋಡಿ. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿತು. ಹಾಗಾಗಿ ಲಕ್ಷಗಟ್ಟಲೆ ಟಂಕಿಸಿದ್ದೂ ವಿರಳವಾಗಬಹುದು. ತಿರುಗಾ ಮುರುಗಾ ಕೂಡ ಆಗುತ್ತದೆ. 1884ರ ಕಾರ್ಸನ್ ಸಿಟಿ ಡಾಲರ್ 11 ಲಕ್ಷ ಚಿಲ್ಲರೆ ಟಂಕಿಸಿದ್ದರು. ಅದರಲ್ಲಿ 9 ಲಕ್ಷಕ್ಕೂ ಹೆಚ್ಚು ಖಜಾನೆಯಲ್ಲೇ ಹೊಸದಾಗಿ ಉಳಿದಿತ್ತು. ಇನ್ನು 1903ರ ‘ಓ’ ಡಾಲರ್ ಬಹಳ ವಿರಳವೆಂದು ಸಂಗ್ರಾಹಕರು ದೊಡ್ಡ ಮೊತ್ತ ಕೊಡುತ್ತಿದ್ದರು. 1962ರಲ್ಲಿ ಖಜಾನೆಯಿಂದ ಚೀಲಗಟ್ಟಲೆ ಹೊರಬಂತು. ಬೆಲೆ ಕುಸಿಯಿತು. ಎಷ್ಟು ಟಂಕಿಸಿದರು ಅನ್ನುವುದಕ್ಕಿಂತ ಈ ಸ್ಥಿತಿಯಲ್ಲಿ ಎಷ್ಟು ಉಳಿದಿವೆ ಅನ್ನುವುದು ಮುಖ್ಯ.

ಬೆಲೆ ಹುಡುಕುವಾಗ ಯಾರು ಎಷ್ಟು ಕೇಳುತ್ತಿದ್ದಾರೆ ಅಂತ ನೋಡಬೇಡಿ. ಕೇಳುವುದು ಅವರ ಆಸೆ. ಎಷ್ಟಕ್ಕೆ ಮಾರಾಟವಾಯಿತು ಅಂತ ನೋಡಿ. ದೊಡ್ಡ ಹರಾಜು ಸಂಸ್ಥೆಗಳು ಹಳೆಯ ಫಲಿತಾಂಶಗಳನ್ನು ಫೋಟೋ ಸಮೇತ ಇಟ್ಟಿರುತ್ತವೆ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಗ್ರೇಡಿನ ಐದಾರು ಮಾರಾಟ ಬರೆದುಕೊಳ್ಳಿ. ತುಂಬ ಮೇಲಿನದೂ ತುಂಬ ಕೆಳಗಿನದೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಇರುತ್ತದೆ. ಆ ಅಂಕೆಯಲ್ಲಿ ಅದು ಸೇರಿದೆಯಾ ಅಂತ ನೋಡಿಕೊಳ್ಳಿ. ಉಜ್ಜಿದ ನಾಣ್ಯವನ್ನು ಉಜ್ಜದ ನಾಣ್ಯದ ಬೆಲೆಗೆ ಹೋಲಿಸಬೇಡಿ. ಸಾಮಾನ್ಯ ಇಸವಿಯದಾದರೆ ಅದಕ್ಕೆ ತಳದ ಬೆಲೆಗಿಂತ ಸ್ವಲ್ಪ ಮೇಲೆ ಕೊಟ್ಟರೆ ಸಾಕು.

ಕೊಳ್ಳುವ ಹೊತ್ತು

ಆನ್‌ಲೈನ್ ಆದರೆ ಎರಡೂ ಬದಿ, ಅಂಚು, ತಕ್ಕಡಿಯ ಮೇಲಿನ ಫೋಟೋ ಕೇಳಿ. ಜೊತೆಗೆ ದೀಪದ ಕೆಳಗೆ ಓಲಾಡಿಸುವ ಚಿಕ್ಕ ವಿಡಿಯೋ ಕೇಳಿ. ಫೋಟೋದಲ್ಲಿ ಗೀರು ಅಡಗುತ್ತದೆ, ವಿಡಿಯೋದಲ್ಲಿ ಅಡಗುವುದು ಕಷ್ಟ. ‘ಉಜ್ಜಿದ್ದೀರಾ, ಕೊಂಡಿ ಇತ್ತಾ, ವಾಪಸ್ ತಗೋತೀರಾ’ ಅಂತ ಬರಹದಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ.

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಗ್ರೇಡ್ ಬರೆದ ನಾಣ್ಯಗಳೂ ಸಿಗುತ್ತವೆ. 1986ರಲ್ಲಿ ಶುರುವಾದ ಪಿಸಿಜಿಎಸ್, 1987ರ ಎನ್‌ಜಿಸಿ ಎಂಬ ಸಂಸ್ಥೆಗಳು ಈ ಕೆಲಸದಲ್ಲಿ ದೊಡ್ಡ ಹೆಸರು. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಜೊತೆ ಗೀರಿಗೆ ಗೀರು ಹೋಲಿಸಿ. ನಕಲಿ ಪೆಟ್ಟಿಗೆಗಳೂ ಬಂದಿವೆ. ‘ಡೀಟೇಲ್ಸ್’ ಎಂದು ಬರೆದಿದ್ದರೆ ನಾಣ್ಯ ಅಸಲಿ, ಆದರೆ ಉಜ್ಜಿದ್ದೋ ಹಾಳಾದದ್ದೋ ಎಂದರ್ಥ.

ಚೌಕಾಸಿ ಮಾಡುವಾಗ ನಾಣ್ಯವನ್ನು ಹೀಗಳೆಯಬೇಡಿ. ಕಂಡ ದೋಷವನ್ನು ಮೆಲ್ಲಗೆ ತೋರಿಸಿ, ನಿಮ್ಮ ಲೆಕ್ಕ ಹೇಳಿ, ಸುಮ್ಮನಿರಿ. ಒಪ್ಪದಿದ್ದರೆ ನಾಣ್ಯ ಅಂಚಿನಿಂದ ಹಿಡಿದು ವಾಪಸ್ ಇಡಿ. ನಾನು ಬಿಟ್ಟುಬಂದ ನಾಣ್ಯಗಳಲ್ಲಿ ಹೆಚ್ಚಿನವಕ್ಕಿಂತ ಒಳ್ಳೆಯವು ಮುಂದೆ ಸಿಕ್ಕಿವೆ.

ಮನೆಗೆ ತಂದ ಮೇಲೆ ಪಿವಿಸಿ ಇಲ್ಲದ, ನಾಣ್ಯಕ್ಕೊಂದು ಗುಂಡಿ ಇರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ರಬ್ಬರ್ ಬ್ಯಾಂಡ್‌ನಲ್ಲಿ ಗಂಧಕ ಇರುತ್ತದೆ, ಅದನ್ನು ಹತ್ತಿರವೂ ಸೇರಿಸಬೇಡಿ. ಒಂದು ಚೀಟಿಯಲ್ಲಿ ಇಸವಿ, ತೂಕ, ಎಷ್ಟಕ್ಕೆ ಕೊಂಡಿರಿ, ಎಂದು ಕೊಂಡಿರಿ, ಯಾವ ದೋಷ ಕಂಡಿತು ಅಂತ ಬರೆದು ಜೊತೆಗಿಡಿ. ನನ್ನ ಆ 1881ರ ಡಾಲರ್ ಪೆಟ್ಟಿಗೆಯ ಮೊದಲ ಗುಂಡಿಯಲ್ಲೇ ಇದೆ. ಅದರ ಚೀಟಿಯಲ್ಲಿ ಒಂದೇ ಪದ: ‘ಉಜ್ಜಿದ್ದು’.